ನಾಲಿಗೆ ಅಂಚಿನ ಹುಣ್ಣು, ಕುತ್ತಿಗೆಯ ಒಂದು ಗ್ರಂಥಿ: ಶಿರಸಿ ಕಡೆಯ ಒಂದು ಪ್ರಕರಣ

ರೋಗಿ 58 ವರ್ಷದ ಮಹಿಳೆ, ಶಿರಸಿ ತಾಲ್ಲೂಕಿನ ಹಳ್ಳಿಯವರು. ಮನೆಗೆ ಸಣ್ಣ ಅಡಿಕೆ ತೋಟ, ಕೊಟ್ಟಿಗೆಯಲ್ಲಿ ಎರಡು ಆಕಳು. ನಾಲಿಗೆಯ ಬಲ ಅಂಚಿನಲ್ಲಿ ಒಂದು ಹುಣ್ಣು, ಮೂರು ತಿಂಗಳಾದರೂ ಮಾಯದ್ದು. ಅದೇ ಕಡೆಯ ಕಿವಿಯಲ್ಲಿ ಆಗಾಗ ಚುಚ್ಚುವ ನೋವು. ಸಕ್ಕರೆ ಕಾಯಿಲೆ ಇಲ್ಲ, ಬೀಡಿ ಸಿಗರೇಟು ಮುಟ್ಟಿದವರಲ್ಲ. ಆದರೆ ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ಕವಳ ಇದೆ. ಎಲೆ, ಅಡಿಕೆ, ಸುಣ್ಣ, ಜೊತೆಗೆ ಚೂರು ಹೊಗೆಸೊಪ್ಪು. ರಾತ್ರಿ ಊಟದ ಮೇಲಿನ ಕವಳವನ್ನು ಬಲಗಡೆ ಒತ್ತರಿಸಿಟ್ಟುಕೊಂಡೇ ಮಲಗುವ ರೂಢಿ.

ಅವರೂ ಅವರ ಮಗನೂ ಒಪ್ಪಿದ್ದರಿಂದ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ. ನಾನು ಬಾಯಿಯ ರೋಗಗಳ ಪೆಥಾಲಜಿ ಓದಿದ ದಂತವೈದ್ಯೆ. ಶಿರಸಿಯಲ್ಲಿ ಕ್ಲಿನಿಕ್ ಇದೆ. ಘಟ್ಟದ ಕೆಳಗಿನ ಒಂದು ಬೋಧನಾ ಆಸ್ಪತ್ರೆಯ ಲ್ಯಾಬಿಗೂ ಸ್ಲೈಡ್ ನೋಡಲು ಹೋಗುತ್ತೇನೆ. ಹಾಗಾಗಿ ಈ ಹುಣ್ಣನ್ನು ಬಾಯಲ್ಲೂ ನೋಡಿದೆ, ಸೂಕ್ಷ್ಮದರ್ಶಕದ ಕೆಳಗೂ ನೋಡಿದೆ. ಎರಡೂ ಒಬ್ಬರಿಗೇ ಸಿಗುವುದು ಅಪರೂಪ. ಬರೆಯಬೇಕು ಅನ್ನಿಸಿದ್ದೂ ಅದಕ್ಕೇ.

ಅವರು ನನ್ನ ಹತ್ತಿರ ಬಂದದ್ದು ಹಲ್ಲು ತೆಗೆಸಲಿಕ್ಕೆ. "ನೋವಿಲ್ಲೆ ತಂಗಿ. ಹಲ್ಲು ತಾಗ್ತು, ಅಷ್ಟೇಯ" ಅಂದರು. ಬಲಗಡೆಯ ಕೆಳ ದವಡೆ ಹಲ್ಲು ಒಂದು ಮುರಿದು, ಅದರ ಅಂಚು ಚೂಪಾಗಿದ್ದದ್ದು ನಿಜ. ಹುಣ್ಣೂ ಅದರ ಎದುರಿಗೇ ಇತ್ತು. ಅದಕ್ಕೂ ಮೊದಲು ಅಂಗಡಿಯಿಂದ ತಂದ ಮುಲಾಮು ಹಚ್ಚಿದ್ದರು. ಬಿ-ಕಾಂಪ್ಲೆಕ್ಸ್ ಮಾತ್ರೆ ನುಂಗಿದ್ದರು. ಕಿವಿಗೆ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಟ್ಟಿದ್ದರು. ಬೇರೆ ಒಂದು ಕಡೆ ಹುಣ್ಣಿನ ಚೂರು ತೆಗೆದು ಪರೀಕ್ಷೆಗೂ ಕಳಿಸಿದ್ದರು. ವರದಿಯಲ್ಲಿ ಬಂದದ್ದು "ಸತ್ತ ಅಂಗಾಂಶ ಮತ್ತು ಉರಿಯೂತ" ಎಂದು. ಕ್ಯಾನ್ಸರ್ ಎಂಬ ಪದ ಅದರಲ್ಲಿ ಇರಲಿಲ್ಲ. ಮನೆಯವರು ನಿರಾಳರಾದರು. ಅಷ್ಟರಲ್ಲಿ ಅಡಿಕೆ ಕೊಯ್ಲು ಶುರುವಾಯಿತು. ಕೊಯ್ಲಿನ ದಿನಗಳಲ್ಲಿ ಮನೆಯ ಹೆಂಗಸರಿಗೆ ತಮ್ಮ ಬಾಯಿ ನೋಡಿಕೊಳ್ಳಲು ಪುರಸೊತ್ತು ಎಲ್ಲಿ?

ಹುಣ್ಣು ಅಗಲದಲ್ಲಿ ಎರಡು ಸೆಂಟಿಮೀಟರಿಗೆ ತುಸು ಕಡಿಮೆ. ಕಣ್ಣಿಗೆ ಅಂಥ ಭಯಂಕರವೇನೂ ಅಲ್ಲ. ಆದರೆ ಗವಸು ತೊಟ್ಟು ಎರಡು ಬೆರಳಲ್ಲಿ ಹಿಡಿದಾಗ ಅಡಿಭಾಗ ಗಟ್ಟಿ. ಸುತ್ತಲಿನ ನಾಲಿಗೆ ಮೆತ್ತಗೆ, ಇಲ್ಲಿ ಮಾತ್ರ ಒಳಗೆ ಏನೋ ಹರಳುಗಟ್ಟಿದ ಹಾಗೆ. ಹುಣ್ಣಿನ ಹಿಂದೆ ಒಂದು ಬಿಳಿ ತೇಪೆಯೂ ಇತ್ತು, ಒರೆಸಿದರೆ ಹೋಗದ್ದು. ಹಲ್ಲು ತಾಗಿ ಆದ ಹುಣ್ಣು ಅಷ್ಟು ಗಟ್ಟಿಯಾಗುವುದು ಕಡಿಮೆ. ಕಿವಿನೋವು ಇನ್ನೊಂದು ಸುಳಿವು. ನಾಲಿಗೆಯ ಮುಂಭಾಗದ ಸ್ಪರ್ಶ, ನೋವನ್ನು ಒಯ್ಯುವ ನರವೂ ಕಿವಿಯ ಹತ್ತಿರದ ನರವೂ ಒಂದೇ ದೊಡ್ಡ ನರದ ಕವಲುಗಳು. ನಾಲಿಗೆಯ ನೋವು ಕಿವಿಯಲ್ಲಿ ಕಾಣಿಸುವುದು ಹಾಗೆ. ಕಿವಿಯನ್ನು ಎಷ್ಟು ಪರೀಕ್ಷೆ ಮಾಡಿದರೂ ಅಲ್ಲಿ ಏನೂ ಸಿಗುವುದಿಲ್ಲ.

ಸಾಮಾನ್ಯವಾಗಿ ಚೂಪು ಹಲ್ಲನ್ನು ಉಜ್ಜಿ ನಯ ಮಾಡಿ ಎರಡು ವಾರ ಕಾಯುತ್ತೇವೆ. ಅಷ್ಟರಲ್ಲಿ ಮಾಯದಿದ್ದರೆ ಬಯಾಪ್ಸಿ. ಇವರಲ್ಲಿ ಕಾಯುವ ಕಾಲ ಯಾವಾಗಲೋ ದಾಟಿತ್ತು. ಅದೇ ವಾರ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು ಬಯಾಪ್ಸಿ ಮಾಡಿದೆ. ಹುಣ್ಣಿನ ನಡುವಿನಿಂದ ತೆಗೆಯದೆ ಅಂಚಿನಿಂದ ತೆಗೆದೆ. ಪಕ್ಕದ ಚೆನ್ನಾಗಿರುವ ಚರ್ಮವೂ ಸ್ವಲ್ಪ ಬರಬೇಕು, ಅಡಿಯ ಸ್ನಾಯುವೂ ಬರಬೇಕು, ಅಷ್ಟು ಆಳ. ಹುಣ್ಣಿನ ನಡುವೆ ಸಿಗುವುದು ಬಹುಪಾಲು ಸತ್ತ ಅಂಗಾಂಶ. ಮೊದಲ ವರದಿ ಹೇಳಿದ್ದೂ ಅದನ್ನೇ. ಆ ವರದಿ ಸುಳ್ಳಾಗಿರಲಿಲ್ಲ. ತಮ್ಮ ಕೈಗೆ ಬಂದ ಚೂರಿನಲ್ಲಿ ಏನಿತ್ತೋ ಅದನ್ನು ಬರೆದಿದ್ದರು.

ಎರಡನೇ ವರದಿ ಸ್ಪಷ್ಟವಾಗಿತ್ತು: ಸ್ಕ್ವಾಮಸ್ ಸೆಲ್ ಕಾರ್ಸಿನೋಮ, ಅಂದರೆ ಬಾಯಿಯ ಒಳಚರ್ಮದ ಕೋಶಗಳಿಂದ ಹುಟ್ಟುವ ಕ್ಯಾನ್ಸರ್, ಮಧ್ಯಮ ದರ್ಜೆ. ಬಾಯಿಯ ಕ್ಯಾನ್ಸರುಗಳಲ್ಲಿ ಬಹುಪಾಲು ಇದೇ ಜಾತಿ.

ಮುಂದೆ ಆಸ್ಪತ್ರೆಯಲ್ಲಿ ಎಂಆರ್‌ಐ ಆಯಿತು. ಗಡ್ಡೆ ಸುಮಾರು 7 ಮಿಲಿಮೀಟರ್ ಆಳ ಇಳಿದಂತೆ ಕಂಡಿತು. ಕುತ್ತಿಗೆಯ ಅಲ್ಟ್ರಾಸೌಂಡಿನಲ್ಲಿ ಅನುಮಾನ ಬರುವ ಲಿಂಫ್ ಗ್ರಂಥಿ (ಬಾಯಿಯ ಕ್ಯಾನ್ಸರ್ ಸಾಮಾನ್ಯವಾಗಿ ಮೊದಲು ಹರಡುವ ಜಾಗ) ಇಲ್ಲ. ಕೈಗೂ ಏನೂ ಸಿಗಲಿಲ್ಲ. ಹಂತ ನಿರ್ಧರಿಸುವ ಲೆಕ್ಕ ಈಗ ಮೊದಲಿನಂತಿಲ್ಲ. ಕ್ಯಾನ್ಸರಿನ ಹಂತಗಳನ್ನು ನಿಗದಿ ಮಾಡುವ ಅಮೆರಿಕದ ಸಮಿತಿ ಎಜೆಸಿಸಿಯ, 2018ರಿಂದ ಬಳಕೆಗೆ ಬಂದ ಎಂಟನೇ ಆವೃತ್ತಿಯಲ್ಲಿ ಗಡ್ಡೆಯ ಅಗಲದ ಜೊತೆ ಆಳವೂ ಸೇರಿದೆ. ಎರಡು ಸೆಂಟಿಮೀಟರ್ ಒಳಗಿನ ಗಡ್ಡೆಯಾದರೂ ಆಳ 5 ಮಿಲಿಮೀಟರ್ ದಾಟಿದರೆ ಅದು ಟಿ1 ಅಲ್ಲ, ಟಿ2 (ಟಿ ಅಂದರೆ ಮೂಲ ಗಡ್ಡೆ, ಅಂಕಿ ಏರಿದಷ್ಟೂ ಅದು ಮುಂದುವರಿದದ್ದು). ಹಳೆಯ ಲೆಕ್ಕದಲ್ಲಿ ಇವರದು ಟಿ1 ಆಗುತ್ತಿತ್ತು. ಈ ಬದಲಾವಣೆ ಸರಿಯಾದದ್ದು ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ. ನಾಲಿಗೆ ಇಡಿಯಾಗಿ ಸ್ನಾಯು. ಒಳಗೆ ತಡೆಗೋಡೆಯಂಥದ್ದು ಇಲ್ಲ. ಲಿಂಫ್ ನಾಳಗಳು ದಟ್ಟ, ಮಾತು, ಊಟ, ನುಂಗುವಿಕೆ ಎಲ್ಲದರಲ್ಲೂ ಅದು ಆಡುತ್ತಲೇ ಇರುತ್ತದೆ. ಕೆಳಗಿಳಿದ ಕೋಶಕ್ಕೆ ಕುತ್ತಿಗೆಯ ದಾರಿ ಹತ್ತಿರ.

ಕೋಶಗಳನ್ನು ಹಿಡಿದಿಡುವ ಪ್ರೋಟೀನುಗಳು

ಬಯಾಪ್ಸಿಯ ಚೂರನ್ನು ಮೇಣದಲ್ಲಿ ಹುದುಗಿಸಿಟ್ಟ ಪ್ಯಾರಾಫಿನ್ ಬ್ಲಾಕಿನಿಂದ ಇನ್ನಷ್ಟು ತೆಳು ಪದರ ಕೊಯ್ದು ಇ-ಕ್ಯಾಡೆರಿನ್, ಬೀಟಾ-ಕೆಟೆನಿನ್, ವೈಮೆಂಟಿನ್ ಈ ಮೂರು ಪ್ರೋಟೀನುಗಳಿಗೆ ಬಣ್ಣ ಹಾಕಿಸಿದೆವು. ಚಿಕಿತ್ಸೆಗೆ ಬೇಕೇ ಬೇಕು ಅಂತ ಮಾಡಿಸಿದ್ದಲ್ಲ. ಲ್ಯಾಬಿನ ಅಧ್ಯಯನದ ಭಾಗವಾಗಿ ಮಾಡಿದ್ದು, ಮನೆಯವರಿಗೆ ಖರ್ಚು ಬರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಇಂಥ ಬರಹ ಓದಿ "ನಮಗೂ ಆ ಟೆಸ್ಟ್ ಮಾಡಿಸಿ" ಅಂತ ಕೇಳುವವರಿದ್ದಾರೆ.

ಬಾಯಿಯ ಒಳಚರ್ಮದ ಕೋಶಗಳು ಒಂದಕ್ಕೊಂದು ಅಂಟಿಕೊಂಡು ಹಾಳೆಯಾಗಿ ನಿಂತಿರುತ್ತವೆ. ಅವನ್ನು ಹಿಡಿದಿಡುವ ಮುಖ್ಯ ಪ್ರೋಟೀನು ಇ-ಕ್ಯಾಡೆರಿನ್. ಇದು ಕೋಶದ ಪೊರೆಯಿಂದ ಹೊರಗೆ ಚಾಚಿಕೊಂಡಿರುತ್ತದೆ. ಪಕ್ಕದ ಕೋಶದಿಂದ ಚಾಚಿದ ಇನ್ನೊಂದು ಇ-ಕ್ಯಾಡೆರಿನ್ ಅನ್ನು ಹಿಡಿದುಕೊಳ್ಳುತ್ತದೆ. ಮಳೆಗಾಲದಲ್ಲಿ ತುಂಬಿದ ಹಳ್ಳ ದಾಟುವವರು ಸಾಲಾಗಿ ಕೈ ಹಿಡಿದುಕೊಳ್ಳುವುದಿಲ್ಲವೇ, ಹಾಗೆ. ಈ ಹಿಡಿತಕ್ಕೆ ಕ್ಯಾಲ್ಸಿಯಂ ಬೇಕು. ಕ್ಯಾಲ್ಸಿಯಂ ತೆಗೆದರೆ ಹಿಡಿತ ಸಡಿಲ. ಜಪಾನಿನ ಮಸಾತೊಶಿ ತಾಕೆಇಚಿ 1970ರ ದಶಕದ ಕೊನೆಗೆ ಗುರುತಿಸಿದ್ದು ಇದನ್ನೇ. ಕ್ಯಾಡೆರಿನ್ ಎಂಬ ಹೆಸರು ಅದರ ಮುಂದಿನ ದಶಕದಲ್ಲಿ ಬಂತು.

ಪೊರೆಯ ಒಳಬದಿಯಲ್ಲಿ ಇ-ಕ್ಯಾಡೆರಿನ್ ಬಾಲಕ್ಕೆ ಬೀಟಾ-ಕೆಟೆನಿನ್ ಅಂಟಿಕೊಂಡಿರುತ್ತದೆ. ಅದಕ್ಕೆ ಆಲ್ಫಾ-ಕೆಟೆನಿನ್, ಅದರ ಮೂಲಕ ಕೋಶದ ಒಳಗಿನ ಆಕ್ಟಿನ್ ಎಳೆಗಳು. ಅಂದರೆ ಹೊರಗಿನ ಹಿಡಿತ ಒಳಗಿನ ಚೌಕಟ್ಟಿಗೆ ಕಟ್ಟಿಕೊಂಡಿರುತ್ತದೆ. ಇ-ಕ್ಯಾಡೆರಿನ್ ಹೋದರೆ ಬೀಟಾ-ಕೆಟೆನಿನ್ ಪೊರೆಯ ಪಕ್ಕದ ಜಾಗ ಬಿಟ್ಟು ಕೋಶದೊಳಗೆ ಸೇರಿಕೊಳ್ಳಬಹುದು. ಕೆಲವೊಮ್ಮೆ ಕೋಶಕೇಂದ್ರಕ್ಕೂ ಹೋಗಿ, ಬೆಳವಣಿಗೆಗೆ ಸಂಬಂಧಿಸಿದ ಜೀನುಗಳನ್ನು ಚಾಲೂ ಮಾಡಬಲ್ಲದು. ಒಂದೇ ಪ್ರೋಟೀನಿಗೆ ಪೊರೆಯ ಹತ್ತಿರ ಒಂದು ಕೆಲಸ, ಕೇಂದ್ರದೊಳಗೆ ಇನ್ನೊಂದು ಕೆಲಸ. ಎಷ್ಟು ಸಲ ಓದಿದರೂ ನನಗೆ ಇದು ಬೆರಗಿನ ವಿಷಯವೇ.

ಇ-ಕ್ಯಾಡೆರಿನ್ ಹೇಗೆ ಕಳೆದುಹೋಗುತ್ತದೆ? ಅದರ ಜೀನ್ ಸಿಡಿಎಚ್1, 16ನೇ ಕ್ರೋಮೋಸೋಮಿನಲ್ಲಿದೆ. ಒಂದು ಬಗೆಯ ಹೊಟ್ಟೆಯ ಕ್ಯಾನ್ಸರಿನಲ್ಲೂ ಸ್ತನದ ಲೋಬ್ಯುಲಾರ್ ಕ್ಯಾನ್ಸರಿನಲ್ಲೂ ಆ ಜೀನೇ ಕೆಟ್ಟಿರುತ್ತದೆ. ಸ್ತನದ ಸ್ಲೈಡುಗಳಲ್ಲಿ ಈ ಬಣ್ಣ ಅದಕ್ಕೇ ದಿನನಿತ್ಯದ ಪರೀಕ್ಷೆ. ಬಾಯಿಯ ಕ್ಯಾನ್ಸರಿನಲ್ಲಿ ಜೀನ್ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ, ಅದರ ಬಾಯಿ ಮುಚ್ಚಿಸಲಾಗಿರುತ್ತದೆ. ಸ್ನೇಲ್, ಸ್ಲಗ್, ಟ್ವಿಸ್ಟ್, ಜೆಬ್1 ಎಂಬ ಪ್ರೋಟೀನುಗಳು ಆ ಜೀನನ್ನು ಅದುಮುತ್ತವೆ. ಜೀನಿನ ಆರಂಭದ ಭಾಗಕ್ಕೆ ಮೀಥೈಲ್ ಗುಂಪುಗಳು ಅಂಟಿಯೂ ಅದು ಮೌನವಾಗಬಹುದು. ಆಗ ಕೋಶ ತನ್ನ ಗುಣ ಬದಲಿಸಿಕೊಳ್ಳುತ್ತದೆ. ಉದ್ದಕ್ಕೆ ಎಳೆದುಕೊಳ್ಳುತ್ತದೆ, ಹರಿದಾಡುತ್ತದೆ, ವೈಮೆಂಟಿನ್ ಎಂಬ ಬೇರೆ ಜಾತಿಯ ಎಳೆ ಮಾಡಿಕೊಳ್ಳುತ್ತದೆ. ಇಲ್ಲಿ ಒಂದು ಮುಖ್ಯ ಮಾತು: ಜೀನೇ ಕೆಟ್ಟಿದ್ದರೆ ಹಿಂದಿರುಗುವ ದಾರಿ ಇಲ್ಲ, ಅದುಮಿದ್ದು ಮಾತ್ರ ಆದರೆ ಅದನ್ನು ಮತ್ತೆ ಬಿಡಬಹುದು. ಇದು ಈ ಪ್ರಕರಣದಲ್ಲಿ ಮುಂದೆ ಬೇಕಾಗುತ್ತದೆ.

ಇಂಥ ಪ್ರೋಟೀನುಗಳು ಇನ್ನೂ ಇವೆ. ಅಡಿಯ ಪೊರೆಗೆ ಅಂಟಿಸುವ ಇಂಟೆಗ್ರಿನ್‌ಗಳು, ಕೋಶಗಳ ನಡುವೆ ಗುಂಡಿ ಹಾಕಿದಂತಿರುವ ಡೆಸ್ಮೋಸೋಮಿನ ಡೆಸ್ಮೋಗ್ಲೀನ್, ಕೋಶಗಳ ಸುತ್ತಲಿನ ಹಯಲುರಾನ್ ಎಂಬ ಸಕ್ಕರೆ ಸರಪಳಿಯನ್ನು ಹಿಡಿಯುವ ಸಿಡಿ44. ಎಲ್ಲದರ ಮೇಲೂ ಕೆಲಸ ನಡೆದಿದೆ. ನಾಲಿಗೆಯ ವಿಷಯದಲ್ಲಿ ಹೆಚ್ಚು ಪರಿಚಿತವಾದದ್ದು ಇ-ಕ್ಯಾಡೆರಿನ್.

ಸ್ಲೈಡಿನಲ್ಲಿ ಈ ಬಣ್ಣ ಕಂದು. ಕೋಶಕೇಂದ್ರಗಳು ತಿಳಿ ನೀಲಿ. ನಮ್ಮ ರೋಗಿಯ ಚೂರಿನಲ್ಲಿ ಪಕ್ಕದ ಆರೋಗ್ಯವಂತ ಚರ್ಮವೂ ಇದ್ದದ್ದು ಒಳ್ಳೆಯದಾಯಿತು. ಅಲ್ಲಿ ಪ್ರತಿ ಕೋಶದ ಸುತ್ತ ಕಂದು ಗೆರೆ ಚೆನ್ನಾಗಿ ಮೂಡಿತ್ತು. ಅಂದರೆ ಬಣ್ಣ ಸರಿಯಾಗಿ ಹತ್ತಿದೆ, ಉಳಿದ ಕಡೆ ಕಾಣದಿದ್ದರೆ ಅದು ಬಣ್ಣದ ತಪ್ಪಲ್ಲ. ಗಡ್ಡೆಯ ಮೇಲ್ಭಾಗದಲ್ಲೂ ಗೆರೆ ಇತ್ತು, ಸ್ವಲ್ಪ ತೆಳು. ಅಲ್ಲಿ ಮಾತ್ರ ನೋಡಿದ್ದರೆ "ಇ-ಕ್ಯಾಡೆರಿನ್ ಉಳಿದಿದೆ" ಅಂತ ಬರೆದು ಮುಗಿಸಬಹುದಿತ್ತು. ಕೆಳಗೆ, ಗಡ್ಡೆ ಸ್ನಾಯುವಿನೊಳಗೆ ನುಗ್ಗುವ ಮುಂದಂಚಿನಲ್ಲಿ, ಗೆರೆ ತುಂಡುತುಂಡು. ಕೆಲವು ಕಡೆ ಪೂರಾ ಇಲ್ಲ. ಅಲ್ಲಿ ಕೋಶಗಳು ಒಂಟಿಯಾಗಿ, ಎರಡು ಮೂರರ ಗುಂಪಾಗಿ ಸ್ನಾಯುಗಳ ಸಂದಿಯಲ್ಲಿ ಇದ್ದವು. ಐದಕ್ಕಿಂತ ಕಡಿಮೆ ಕೋಶಗಳ ಇಂಥ ಗುಂಪನ್ನು ನಾವು ಟ್ಯೂಮರ್ ಬಡ್ ಅನ್ನುತ್ತೇವೆ. ಬೀಟಾ-ಕೆಟೆನಿನ್ ಅಲ್ಲಿ ಪೊರೆಯ ಹತ್ತಿರ ಇರದೆ ಕೋಶದೊಳಗೆ ಹರಡಿತ್ತು. ಕೆಲವು ಬಡ್‌ಗಳಲ್ಲಿ ವೈಮೆಂಟಿನ್ ಕೂಡ.

ಒಂದೇ ಗಡ್ಡೆ, ಒಂದೇ ಸ್ಲೈಡ್, ಕೆಲವೇ ಮಿಲಿಮೀಟರ್ ಅಂತರ. ಮೇಲೆ ಒಂದು ಉತ್ತರ, ಕೆಳಗೆ ಇನ್ನೊಂದು. ಹರಡುವ ಕೆಲಸ ನಡೆಯುವುದು ಮುಂದಂಚಿನಲ್ಲಿ. ಅಂಟು ಪ್ರೋಟೀನನ್ನು ಓದುವುದಿದ್ದರೆ ಅಲ್ಲೇ ಓದಬೇಕು. ಮೇಲಿನಿಂದ ಸುಮ್ನೆ ಒಂದು ಚೂರು ಕೆರೆದು ತೆಗೆದರೆ, ಎಷ್ಟು ದುಬಾರಿ ಬಣ್ಣ ಹಾಕಿದರೂ ಅದು ಹೇಳಬೇಕಾದ್ದನ್ನು ಹೇಳುವುದಿಲ್ಲ. ಒಂದು ಅಧ್ಯಯನದಲ್ಲಿ ಇ-ಕ್ಯಾಡೆರಿನ್‌ಗೂ ಗ್ರಂಥಿಗೆ ಹರಡುವುದಕ್ಕೂ ನಂಟು ಕಾಣುವುದು, ಇನ್ನೊಂದರಲ್ಲಿ ಕಾಣದಿರುವುದು ಇದೆ. ಅದಕ್ಕೆ ಇದೂ ಒಂದು ಕಾರಣ ಅಂತ ನನ್ನ ನಂಬಿಕೆ. ಒಬ್ಬರು ಇಡೀ ಗಡ್ಡೆಯ ಸರಾಸರಿ ತೆಗೆಯುತ್ತಾರೆ, ಒಬ್ಬರು ಅಂಚನ್ನು ಮಾತ್ರ ಎಣಿಸುತ್ತಾರೆ. ಪ್ರೋಟೀನನ್ನು ಗುರುತಿಸಿ ಬಣ್ಣ ಹಿಡಿಸಲು ಬಳಸುವ ಆಂಟಿಬಾಡಿ ಬೇರೆ, "ಕಡಿಮೆ" ಅನ್ನುವ ಗೆರೆ ಎಳೆಯುವ ಜಾಗವೂ ಬೇರೆ.

ಕುತ್ತಿಗೆಯನ್ನು ಕೊಯ್ಯಬೇಕೇ?

ಜಾಸ್ತಿ ಚರ್ಚೆಯಾದದ್ದು ಈ ಪ್ರಶ್ನೆಯ ಮೇಲೆ. ನಾಲಿಗೆಯ ಗಡ್ಡೆ ತೆಗೆಯಬೇಕು ಅನ್ನುವುದಕ್ಕೆ ಮನೆಯವರು ಒಪ್ಪಿದ್ದರು. ಕುತ್ತಿಗೆಯ ಗ್ರಂಥಿಗಳನ್ನೂ ತೆಗೆಯುತ್ತೇವೆ ಅಂದಾಗ ಮಗ ನನ್ನ ಹತ್ತಿರ ವಾಪಸ್ ಬಂದ. ಆಸ್ಪತ್ರೆಯಲ್ಲಿ ಕೇಳಲು ಸಂಕೋಚವಾಗಿರಬೇಕು.

"ಸ್ಕ್ಯಾನಲ್ಲಿ ಕುತ್ತಿಗೆಯಲ್ಲಿ ಏನೂ ಇಲ್ಲ ಅಂತ ಬಂದಿದೆ ಅಲ್ವಾ ಡಾಕ್ಟ್ರೇ? ಏನೂ ಇಲ್ಲದ ಕಡೆ ಯಾಕೆ ಕೊಯ್ಯಬೇಕು? ಆಯಿಗೆ ಒಂದು ಆಪರೇಷನ್ನೇ ಜಾಸ್ತಿ ಆಗ್ತದೆ."

ಬಹಳ ನ್ಯಾಯವಾದ ಪ್ರಶ್ನೆ. ವೈದ್ಯರೇ ದಶಕಗಟ್ಟಲೆ ಇದರ ಮೇಲೆ ವಾದ ಮಾಡಿದ್ದಾರೆ. ಕುತ್ತಿಗೆಯನ್ನು ಕಾದು ನೋಡಿ, ಗಂಟು ಬಂದ ಮೇಲೆ ತೆಗೆಯುವುದೋ, ಮೊದಲೇ ತೆಗೆಯುವುದೋ? ಇದಕ್ಕೆ ಗಟ್ಟಿ ಉತ್ತರ ಸಿಕ್ಕಿದ್ದು ನಮ್ಮ ದೇಶದಿಂದಲೇ. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಅನಿಲ್ ಡಿಕ್ರೂಜ್ ಮತ್ತು ಜೊತೆಗಾರರು ಟಿ1, ಟಿ2 ಹಂತದ, ಕುತ್ತಿಗೆಯಲ್ಲಿ ಏನೂ ಸಿಗದ ಬಾಯಿ ಕ್ಯಾನ್ಸರ್ ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಮೊದಲೇ ಕುತ್ತಿಗೆಯ ಶಸ್ತ್ರಚಿಕಿತ್ಸೆ, ಇನ್ನೊಂದಕ್ಕೆ ಗಂಟು ಕಂಡಾಗ ಮಾತ್ರ. ಫಲಿತಾಂಶ 2015ರಲ್ಲಿ ಪ್ರಕಟವಾಯಿತು. 500 ರೋಗಿಗಳ ಲೆಕ್ಕದಲ್ಲಿ, ಮೂರು ವರ್ಷಕ್ಕೆ ಬದುಕುಳಿದವರ ಪ್ರಮಾಣ ಮೊದಲ ಗುಂಪಿನಲ್ಲಿ ಶೇ. 80, ಎರಡನೆಯದರಲ್ಲಿ ಶೇ. 67.5. ಅವರಲ್ಲಿ ನಾಲಿಗೆಯ ಕ್ಯಾನ್ಸರಿನವರೇ ಜಾಸ್ತಿ. 3 ಮಿಲಿಮೀಟರಿಗಿಂತ ತೆಳುವಾದ ಗಡ್ಡೆಗಳಲ್ಲಿ ಮಾತ್ರ ಲಾಭ ಸ್ಪಷ್ಟವಿರಲಿಲ್ಲ.

ಇವರದು 7 ಮಿಲಿಮೀಟರ್. ಮಗನಿಗೆ ನಾನು ಹೇಳಿದ್ದು ಇಷ್ಟು. ಸ್ಕ್ಯಾನಿಗೆ ಕಾಣಬೇಕಾದರೆ ಗ್ರಂಥಿ ದೊಡ್ಡದಾಗಬೇಕು ಅಥವಾ ಆಕಾರ ಕೆಡಬೇಕು. ಎರಡು ಮೂರು ಮಿಲಿಮೀಟರಿನ ಕ್ಯಾನ್ಸರ್ ಕಣ ಗ್ರಂಥಿಯೊಳಗೆ ಕೂತಿದ್ದರೆ ಯಾವ ಸ್ಕ್ಯಾನೂ ಅದನ್ನು ಖಚಿತವಾಗಿ ಹಿಡಿಯುವುದಿಲ್ಲ. ಹಾಗೆ ಅಡಗಿರುವ ಸಾಧ್ಯತೆ ಶೇ. 20 ದಾಟಿದರೆ ಕುತ್ತಿಗೆಯನ್ನು ಬಿಡಬಾರದು ಅನ್ನುವುದು ವೈದ್ಯರ ನಡುವಿನ ಸಾಮಾನ್ಯ ಲೆಕ್ಕ. ಇಷ್ಟು ಆಳದ ನಾಲಿಗೆ ಗಡ್ಡೆ ಆ ಲೆಕ್ಕದೊಳಗೆ ಬರುತ್ತದೆ.

ಇ-ಕ್ಯಾಡೆರಿನ್ ಫಲಿತಾಂಶವನ್ನೂ ಅವನಿಗೆ ತೋರಿಸಿದೆ. ಆದರೆ "ಇದು ಹೋಗಿರುವುದರಿಂದಲೇ ಕುತ್ತಿಗೆ ಕೊಯ್ಯಬೇಕು" ಅಂತ ಹೇಳಲಿಲ್ಲ. ಹಾಗೆ ಹೇಳುವುದು ಸರಿಯಲ್ಲ. ಯಾವ ದೊಡ್ಡ ಮಾರ್ಗಸೂಚಿಯೂ ಈ ಪ್ರೋಟೀನನ್ನು ನೋಡಿ ಕುತ್ತಿಗೆಯ ನಿರ್ಧಾರ ಮಾಡಿ ಅನ್ನುವುದಿಲ್ಲ. ನಿರ್ಧಾರ ನಿಂತದ್ದು ಆಳದ ಮೇಲೆ. ಬಣ್ಣ ತೋರಿಸಿದ್ದು ಆ ಆಳದಲ್ಲಿ ಏನು ನಡೆಯುತ್ತಿದೆ ಅನ್ನುವುದನ್ನು. ಕೋಶಗಳು ಕೈಬಿಟ್ಟು ಬೇರೆಯಾಗುತ್ತಿರುವುದನ್ನು ಪರದೆಯ ಮೇಲೆ ನೋಡಿದಾಗ ಮಗನಿಗೆ ವಿಷಯ ತಟ್ಟಿತು. ಅಂಕಿಗಳಿಗಿಂತ ಆ ಚಿತ್ರವೇ ಅವನಿಗೆ ಅರ್ಥವಾಯಿತು. ಇದು ಅದರ ಒಂದು ದೊಡ್ಡ ಉಪಯೋಗ ಅಂತ ಈಗ ನನಗೆ ಅನ್ನಿಸುತ್ತದೆ.

ಕಷ್ಟಗಳನ್ನೂ ಮುಚ್ಚಿಡಲಿಲ್ಲ. ಭುಜ ಎತ್ತುವ ನರ ಆ ಜಾಗದಲ್ಲೇ ಹಾದುಹೋಗುತ್ತದೆ. ಅದನ್ನು ಉಳಿಸಿದರೂ ಕೆಲವು ತಿಂಗಳು ತೋಳು ಭಾರ ಅನ್ನಿಸಬಹುದು. ಕೆಳತುಟಿಯ ಮೂಲೆಯ ನರ ಸೋತರೆ ನಗುವಾಗ ಬಾಯಿ ಓರೆಯಾಗಬಹುದು. ಕೊಟ್ಟಿಗೆ ಕೆಲಸ, ಹೊರೆ ಹೊರುವುದು ಸದ್ಯಕ್ಕೆ ಬೇರೆಯವರ ಪಾಲಿಗೆ.

ಹಣದ ಮಾತೂ ಇತ್ತು. ಬಿಪಿಎಲ್ ಕಾರ್ಡ್ ಇದ್ದದ್ದರಿಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆ ಕೈಹಿಡಿಯಿತು. ಸರಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಮಾಡಿಸುವುದೊಂದು ಓಡಾಟ. ಆದರೆ ಶಸ್ತ್ರಚಿಕಿತ್ಸೆಯ ಖರ್ಚಿಗೆ ತೋಟ ಒತ್ತೆ ಇಡಬೇಕಾಗಲಿಲ್ಲ.

ತೆಗೆದ ಮೇಲೆ ಕಂಡದ್ದು

ನಾಲಿಗೆಯ ಬಲಭಾಗದ ಒಂದು ಪಾಲು, ಬಲ ಕುತ್ತಿಗೆಯ ಮೇಲಿನ ಮೂರು ವಲಯಗಳ ಗ್ರಂಥಿಗಳು, ಆ ಮುರುಕು ಹಲ್ಲು, ಎಲ್ಲ ಒಂದೇ ದಿನ ತೆಗೆದರು. ಕೆಲವು ದಿನ ಮೂಗಿನ ನಳಿಕೆಯಲ್ಲಿ ಗಂಜಿ, ಹಾಲು. ಆಮೇಲೆ ಬಾಯಲ್ಲಿ ಮೆತ್ತನೆ ಅನ್ನ.

ಗಡ್ಡೆಯ ನಿಜವಾದ ಆಳ 7 ಮಿಲಿಮೀಟರ್ ಎಂದೇ ಬಂತು. ಆಳವನ್ನು ಹುಣ್ಣಿನ ತಳದಿಂದ ಅಳೆಯುವುದಿಲ್ಲ, ಪಕ್ಕದ ಆರೋಗ್ಯವಂತ ಚರ್ಮದ ಅಡಿಪೊರೆಯ ಮಟ್ಟದಿಂದ ಕೆಳಕ್ಕೆ ಅಳೆಯುತ್ತೇವೆ. ಹುಣ್ಣು ಗುಳಿಬಿದ್ದಿದ್ದರೆ ತಳದಿಂದ ಅಳೆದವರು ರೋಗವನ್ನು ಕಡಿಮೆ ಮಾಡಿ ಹೇಳಿದಂತಾಗುತ್ತದೆ. ಗಡ್ಡೆಯ ಸುತ್ತ ಸೇರಿಸಿ ತೆಗೆದ ಒಳ್ಳೆಯ ಅಂಗಾಂಶದ ಅಂಚು ಅತಿ ಹತ್ತಿರದಲ್ಲಿ 6 ಮಿಲಿಮೀಟರ್. 5 ಇದ್ದರೆ ಸಾಕು ಅನ್ನುತ್ತೇವೆ, ಹಾಗಾಗಿ ಅದು ಸಮಾಧಾನ. ಒಂದು ಸಣ್ಣ ನರದ ಸುತ್ತ ಕ್ಯಾನ್ಸರ್ ಕೋಶಗಳು ಸುತ್ತಿಕೊಂಡಿದ್ದವು, ಅದು ಸಮಾಧಾನವಲ್ಲ.

24 ಗ್ರಂಥಿಗಳಲ್ಲಿ 23 ಶುದ್ಧ. ಒಂದರಲ್ಲಿ, ದವಡೆಯ ಮೂಲೆಯ ಕೆಳಗಿನ ಎರಡನೇ ವಲಯದ ಗ್ರಂಥಿಯಲ್ಲಿ, 4 ಮಿಲಿಮೀಟರಿನ ಒಂದು ಗೂಡು. ಗ್ರಂಥಿಯ ಕವಚ ದಾಟಿರಲಿಲ್ಲ. ಸ್ಕ್ಯಾನ್ "ಇಲ್ಲ" ಅಂದಿದ್ದ ಕುತ್ತಿಗೆಯಲ್ಲಿ ಅದು ಇತ್ತು. ಹಂತ ಟಿ2 ಎನ್1 (ಎನ್1 ಅಂದರೆ ಅದೇ ಕಡೆಯ ಒಂದು ಸಣ್ಣ ಗ್ರಂಥಿಗೆ ಹರಡಿದೆ) ಆಯಿತು, ಒಟ್ಟು ಲೆಕ್ಕದಲ್ಲಿ ಮೂರನೇ ಹಂತ.

ಆ ಗ್ರಂಥಿಗೂ ಇ-ಕ್ಯಾಡೆರಿನ್ ಬಣ್ಣ ಹಾಕಿದೆವು. ಮುಂದಂಚಿನಲ್ಲಿ ಪ್ರೋಟೀನು ಕಳೆದುಕೊಂಡ ಕೋಶಗಳೇ ಇಲ್ಲಿಗೆ ಬಂದಿರಬೇಕು, ಹಾಗಾದರೆ ಇಲ್ಲೂ ಅದು ಇರಬಾರದು. ಹಾಗೆಂದು ಯಾರಿಗಾದರೂ ಅನ್ನಿಸುತ್ತದೆ. ಕಂಡದ್ದು ಬೇರೆ. ಗೂಡಿನ ಕೋಶಗಳು ಒತ್ತೊತ್ತಾಗಿ ಕೂತಿದ್ದವು. ಸುತ್ತ ಕಂದು ಗೆರೆ ಮತ್ತೆ ಮೂಡಿತ್ತು, ಗಡ್ಡೆಯ ಮೇಲ್ಭಾಗದಲ್ಲಿ ಇದ್ದ ಹಾಗೆಯೇ.

ಇದು ಹೊಸ ಸಂಗತಿಯಲ್ಲ, ಬೇರೆ ಕ್ಯಾನ್ಸರುಗಳಲ್ಲೂ ಇದನ್ನು ಕಂಡವರಿದ್ದಾರೆ. ಹೊರಡುವಾಗ ಕೈಬಿಡಬೇಕು, ನೆಲೆಯೂರಿ ಗುಂಪಾಗಿ ಬೆಳೆಯುವಾಗ ಮತ್ತೆ ಹಿಡಿದುಕೊಂಡರೆ ಅನುಕೂಲ. ಬಾಯಿಯ ಕ್ಯಾನ್ಸರಿನಲ್ಲಿ ಜೀನು ಸಾಮಾನ್ಯವಾಗಿ ಕೆಟ್ಟಿರುವುದಿಲ್ಲ, ಅದುಮಿದ್ದು ಮಾತ್ರ ಅಂತ ಮೇಲೆ ಹೇಳಿದ್ದು ಇದಕ್ಕೇ. ಒತ್ತಡ ಹೋದೊಡನೆ ಪ್ರೋಟೀನು ಮತ್ತೆ ತಯಾರಾಗುತ್ತದೆ. ಇನ್ನೊಂದು ವಿವರಣೆಯೂ ಇದೆ. ಕೋಶಗಳು ಒಂಟಿಯಾಗಿ ಹೋಗದೆ, ಅರ್ಧ ಹಿಡಿತ ಉಳಿಸಿಕೊಂಡು ಸಣ್ಣ ಗುಂಪಾಗಿಯೇ ಹೋಗಿರಬಹುದು. ಈ ಒಂದು ಪ್ರಕರಣದ ಸ್ಲೈಡು ಇವೆರಡರಲ್ಲಿ ಯಾವುದು ನಡೆಯಿತೆಂದು ಹೇಳಲಾರದು. ಸ್ಲೈಡು ಒಂದು ಕ್ಷಣದ ಚಿತ್ರ, ನಡೆದುಬಂದ ದಾರಿ ಅದರಲ್ಲಿ ಇರುವುದಿಲ್ಲ.

ಆದರೆ ಕೆಲಸದ ಮಟ್ಟಿಗೆ ಒಂದು ಮಾತು ಸ್ಪಷ್ಟ. ಗ್ರಂಥಿಯ ಸ್ಲೈಡಿನಲ್ಲಿ ಇ-ಕ್ಯಾಡೆರಿನ್ ಚೆನ್ನಾಗಿ ಕಂಡಿತು ಅಂತ "ಇದು ಸಾಧು ಗಡ್ಡೆ" ಅನ್ನಬಾರದು. ಗ್ರಂಥಿಗೆ ಬಂದಾಗಿದೆ ಅನ್ನುವುದೇ ಅದರ ಗುಣ ಹೇಳುತ್ತದೆ. ಪ್ರೋಟೀನು ಇದೆಯೋ ಇಲ್ಲವೋ ಅನ್ನುವುದಕ್ಕಿಂತ, ಎಲ್ಲಿ ಇದೆ, ಎಲ್ಲಿ ಇಲ್ಲ ಅನ್ನುವುದನ್ನು ವರದಿಯಲ್ಲಿ ಬರೆಯಬೇಕು. ನಾನು ಈಗ ಹಾಗೇ ಬರೆಯುತ್ತೇನೆ: ಮೇಲ್ಭಾಗ, ಮುಂದಂಚು, ಬಡ್‌ಗಳು, ಗ್ರಂಥಿ, ಪ್ರತಿಯೊಂದಕ್ಕೂ ಬೇರೆ ಸಾಲು.

ಒಂದು ಗ್ರಂಥಿ ಮತ್ತು ನರದ ಸುತ್ತಲಿನ ಕೋಶಗಳು, ಈ ಎರಡರಿಂದ ವಿಕಿರಣ ಚಿಕಿತ್ಸೆ ನಿರ್ಧಾರವಾಯಿತು. ಕವಚ ಒಡೆದಿದ್ದರೆ ಅಥವಾ ಅಂಚಿನಲ್ಲಿ ಕ್ಯಾನ್ಸರ್ ಉಳಿದಿದ್ದರೆ ಜೊತೆಗೆ ಸಿಸ್‌ಪ್ಲಾಟಿನ್ ಎಂಬ ಕೀಮೋ ಔಷಧಿ ಕೊಡುತ್ತಾರೆ. ಅದು ಬೇಕಾಗಲಿಲ್ಲ. 30 ಸಲ, ಒಟ್ಟು 60 ಗ್ರೇ (ವಿಕಿರಣದ ಅಳತೆ), ಆರು ವಾರ. ಶಸ್ತ್ರಚಿಕಿತ್ಸೆಯಾದ ಆರು ವಾರದೊಳಗೆ ಶುರುವಾಗಬೇಕು ಅನ್ನುವುದು ನಿಯಮ. ಶಿರಸಿಯಿಂದ ದಿನಾ ಘಟ್ಟ ಇಳಿದು ಹತ್ತುವ ಮಾತೇ ಇಲ್ಲ. ಅಲ್ಲೇ ಹತ್ತಿರ ನೆಂಟರ ಮನೆಯಲ್ಲಿ ಉಳಿದರು. ಅಂಥ ನೆಂಟರಿಲ್ಲದವರು ಎಷ್ಟೋ ಜನ ನಡುವೆಯೇ ಬಿಟ್ಟುಬರುತ್ತಾರೆ. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಉತ್ತರ ಕನ್ನಡದವರು ವರ್ಷಗಳಿಂದ ಕೇಳುತ್ತಿರುವುದರ ಹಿಂದೆ ಇಂಥ ಮನೆಗಳಿವೆ.

ವಿಕಿರಣಕ್ಕೆ ಮೊದಲು ಹಲ್ಲುಗಳ ಕೆಲಸ ಮುಗಿಸುವುದು ಬಹಳ ಮುಖ್ಯ. ಉಳಿಯದ ಹಲ್ಲುಗಳನ್ನು ಕನಿಷ್ಠ ಎರಡು ವಾರ ಮೊದಲೇ ಕಿತ್ತು, ಗಾಯ ಮಾಯಲು ಬಿಡಬೇಕು. ವಿಕಿರಣ ಬಿದ್ದ ದವಡೆಯಲ್ಲಿ ಆಮೇಲೆ ಹಲ್ಲು ಕಿತ್ತರೆ ಎಲುಬು ಸಾಯುವ ಅಪಾಯವಿದೆ. ಅದು ವರ್ಷಗಳ ನಂತರವೂ ಇರುತ್ತದೆ.

ಕವಳ, ಅಡಿಕೆ, ಮತ್ತು ನಮ್ಮ ಊರು

ಇದನ್ನು ಬರೆಯದೆ ಬಿಡಲು ಮನಸ್ಸಾಗುತ್ತಿಲ್ಲ. ನಾನೂ ಅಡಿಕೆ ಬೆಳೆಯುವ ಮನೆಯವಳು. ನನ್ನ ಓದಿನ ಫೀಸು ತೋಟದಿಂದಲೇ ಬಂದದ್ದು. ಶಿರಸಿ ಅಡಿಕೆಗೆ 2019ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಾಗ ನಮ್ಮ ಮನೆಯಲ್ಲೂ ಸಂತೋಷ ಪಟ್ಟಿದ್ದೆವು. ಆದರೂ ಹೇಳಲೇಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಐಎಆರ್‌ಸಿ 2004ರಲ್ಲಿ, ತಂಬಾಕು ಇಲ್ಲದ ಕವಳವನ್ನೂ ಅಡಿಕೆಯನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ತರುವ ಮೊದಲ ಗುಂಪಿಗೆ ಸೇರಿಸಿತು. "ಹೊಗೆಸೊಪ್ಪು ಬಿಟ್ಟಿದ್ದೇನೆ, ಬರೀ ಎಲೆ ಅಡಿಕೆ" ಅನ್ನುವವರು ನನ್ನ ಕ್ಲಿನಿಕ್ಕಿಗೆ ಬರುತ್ತಲೇ ಇರುತ್ತಾರೆ. ಹೊಗೆಸೊಪ್ಪು ಬಿಟ್ಟದ್ದು ದೊಡ್ಡ ಕೆಲಸವೇ, ಆದರೆ ಅಷ್ಟಕ್ಕೆ ಬಾಯಿ ಸುರಕ್ಷಿತವಾಗುವುದಿಲ್ಲ. ನಾನು ಅವರಿಗೆ ಬೈಯುವುದಿಲ್ಲ. ಬಾಯಿ ತೆರೆಸಿ, ನಾಲಿಗೆಯನ್ನು ಬಟ್ಟೆಯಲ್ಲಿ ಹಿಡಿದು ಎರಡೂ ಬದಿಗೆ ಎಳೆದು ನೋಡುತ್ತೇನೆ. ನಾಲಿಗೆಯ ಅಂಚಿನ ಹಿಂಭಾಗ ಸುಮ್ಮನೆ ಬಾಯಿ ತೆರೆದರೆ ಕಾಣುವುದೇ ಇಲ್ಲ.

ಬಯಾಪ್ಸಿ ಮಾಡುವ ಗೆಳೆಯ ಗೆಳತಿಯರಿಗೆ ಒಂದು ವಿನಂತಿ. ಅಂಚಿನಿಂದ ತೆಗೆಯಿರಿ, ಆಳ ತೆಗೆಯಿರಿ, ತಕ್ಷಣ ಫಾರ್ಮಲಿನ್‌ಗೆ ಹಾಕಿ. ಯಾವ ತುದಿ ಹುಣ್ಣು, ಯಾವ ತುದಿ ಒಳ್ಳೆಯ ಚರ್ಮ ಎಂದು ಚೀಟಿಯಲ್ಲಿ ಬರೆಯಿರಿ. "ಕ್ಯಾನ್ಸರ್ ಕಾಣಿಸಿಲ್ಲ" ಎಂದು ಬಂದು, ಬೆರಳಿಗೆ ಹುಣ್ಣು ಗಟ್ಟಿಯಾಗಿಯೇ ಸಿಗುತ್ತಿದ್ದರೆ ವರದಿಯನ್ನು ಪಕ್ಕಕ್ಕಿಟ್ಟು ಇನ್ನೊಂದು ಸಲ ತೆಗೆಯಿರಿ. ಮೊದಲ ವರದಿ ನಂಬಿ ಕೂತ ಆ ವಾರಗಳಲ್ಲಿ ಗಡ್ಡೆ ಎಷ್ಟು ಇಳಿಯಿತೆಂದು ಅಳೆಯಲು ಯಾರಿಂದಲೂ ಆಗದು. ಆದರೆ ಕೊಯ್ಲಿಗೆ ಮೊದಲೇ ಗೊತ್ತಾಗಿದ್ದರೆ ವಿಕಿರಣ ತಪ್ಪುತ್ತಿತ್ತೇನೋ ಅನ್ನುವ ಯೋಚನೆ ನನ್ನನ್ನು ಬಿಟ್ಟಿಲ್ಲ.

ಈಗ ಅವರ ಸ್ಥಿತಿ: ಚಿಕಿತ್ಸೆ ಮುಗಿದು ಒಂದು ವರ್ಷ ದಾಟಿದೆ. ರೋಗ ಮರಳಿದ ಲಕ್ಷಣ ಇಲ್ಲ. ಬಾಯಿ ಒಣಗುತ್ತದೆ, ನೀರಿನ ಬಾಟಲಿ ಯಾವಾಗಲೂ ಜೊತೆಗೆ. ಖಾರ ತಿನ್ನಲಾಗುವುದಿಲ್ಲ, ತಂಬುಳಿ ಅನ್ನ ಸೇರುತ್ತದೆ. ಕೆಲವು ಅಕ್ಷರಗಳು ತೊದಲುತ್ತವೆ, ಮನೆಯವರಿಗೆ ಎಲ್ಲ ತಿಳಿಯುತ್ತದೆ, ಫೋನಿನಲ್ಲಿ ಸ್ವಲ್ಪ ಕಷ್ಟ. ಭುಜಕ್ಕೆ ವ್ಯಾಯಾಮ ನಡೆದಿದೆ. ಕವಳ ಬಿಟ್ಟಿದ್ದಾರೆ. ಮೊದಲ ಎರಡು ವರ್ಷಗಳಲ್ಲೇ ಮರಳುವ ಅಪಾಯ ಜಾಸ್ತಿ, ಹಾಗಾಗಿ ಆಸ್ಪತ್ರೆಯ ತಪಾಸಣೆ ಎರಡು ತಿಂಗಳಿಗೊಮ್ಮೆ ಮುಂದುವರಿದಿದೆ. ಕುತ್ತಿಗೆಗೆ ವಿಕಿರಣ ಬಿದ್ದಿರುವುದರಿಂದ ಥೈರಾಯ್ಡ್ ರಕ್ತಪರೀಕ್ಷೆಯೂ ಆಗಾಗ ಆಗಬೇಕು. ಹಿಂದಿನ ಬಿಳಿ ತೇಪೆ ಗಡ್ಡೆಯ ಜೊತೆಗೇ ಹೋಗಿತ್ತು. ಎಡಗಡೆಯ ಅಂಚಿನಲ್ಲಿ ಈಗ ಒಂದು ಸಣ್ಣ ಮಸುಕು ಬಿಳಿ ಕಾಣುತ್ತಿದೆ. ಮೆತ್ತಗಿದೆ, ಹುಣ್ಣಿಲ್ಲ. ಅದರ ಫೋಟೋ ತೆಗೆದು ಅಳತೆ ಬರೆದಿಟ್ಟಿದ್ದೇನೆ. ಎರಡು ವಾರ ಬಿಟ್ಟು ಬರಲು ಹೇಳಿದ್ದೇನೆ. ಹಾಗೇ ಇದ್ದರೆ ಅಂಚಿನಿಂದ ಬಯಾಪ್ಸಿ.